ಮೊದಲು ಗಂಡನ ಟೆಸ್ಟ್ ಮಾಡ್ಸಿ ಸ್ವಾಮಿ

'ಬಂಜೆ' ಅನ್ನೋ ಪದಕ್ಕೆ ಪುಲ್ಲಿಂಗ ರೂಪ ಯಾವುದು?

ಯೋಚನೆ ಮಾಡಿ. ಸಂಸ್ಕೃತದ 'ವಂಧ್ಯಾ' ಕನ್ನಡಕ್ಕೆ ಬಂದು 'ಬಂಜೆ' ಆಯ್ತು. ಆದರೆ ನಮ್ಮ ದಿನಬಳಕೆಯ ಮಾತಲ್ಲಿ ಅದಕ್ಕೊಂದು ಗಂಡು ಜೋಡಿ ಹುಟ್ಟಲೇ ಇಲ್ಲ. ಮಕ್ಕಳಾಗದ ಗಂಡಸಿಗೆ ನಮ್ಮ ಹತ್ರ ಇರೋದು 'ಷಂಡ', 'ನಪುಂಸಕ' ಅನ್ನೋ ಬೈಗುಳಗಳು ಮಾತ್ರ. ಅವೂ ಬೇರೆಯದೇ ವಿಷಯವನ್ನ ಹೇಳ್ತವೆ. ಅಂದ್ರೆ ಹಾಸಿಗೆಯಲ್ಲಿ ಎಲ್ಲಾ ಸರಿಯಾಗಿದ್ದು, ವೀರ್ಯದಲ್ಲಿ ಮಾತ್ರ ವೀರ್ಯಾಣುಗಳಿಲ್ಲದ ಒಬ್ಬ ಆರೋಗ್ಯವಂತ ಗಂಡಸಿಗೆ ನಮ್ಮ ಭಾಷೆಯಲ್ಲಿ ಹೆಸರೇ ಇಲ್ಲ. ಹೆಸರಿಲ್ಲದ ಮೇಲೆ ಅಂಥವನು ಇರೋಕೂ ಸಾಧ್ಯವಿಲ್ಲ ಅನ್ನೋದು ನಮ್ಮ ಲೆಕ್ಕ. ಆದ್ದರಿಂದ ಮಕ್ಕಳಾಗದಿದ್ರೆ ಅರಳಿ ಮರ ಸುತ್ತೋಳು ಹೆಂಡತಿ. ಸುತ್ತಿದ ಕೂಡಲೇ ಹೊಟ್ಟೆ ಮುಟ್ಟಿ ನೋಡ್ಕೊಂಡಳಂತೆ ಅಂತ ಗಾದೆ ಕಟ್ಟಿ ನಗೋದೂ ಅವಳನ್ನ ನೋಡಿಯೇ. ಗಂಡ ಕಟ್ಟೆ ಮೇಲೆ ಚಪ್ಪಲಿ ಕಾಯ್ತಾ ಕೂತಿರ್ತಾನೆ.

ಇದೆಲ್ಲ ನಮ್ಮಜ್ಜಿ ಕಾಲದ ಕತೆ ಅಂದ್ಕೊಂಡ್ರೆ ತಪ್ಪು. ಅರಳಿ ಮರ ಈಗ ಫರ್ಟಿಲಿಟಿ ಕ್ಲಿನಿಕ್ ಆಗಿದೆ, ಎಸಿ ಹಾಕಿದ್ದಾರೆ, ಅಷ್ಟೇ ವ್ಯತ್ಯಾಸ.

ನನ್ನದೊಂದು ಅನುಭವ ಹೇಳ್ತೀನಿ. ಮದುವೆಯಾಗಿ ಮೂರು ವರ್ಷಕ್ಕೆ ನಾನೂ ನನ್ನ ಹೆಂಡತಿಯೂ ಬೆಂಗಳೂರಿನ ಅಂಥದ್ದೊಂದು ಕ್ಲಿನಿಕ್‌ಗೆ ಹೋದ್ವಿ. ರಿಸೆಪ್ಷನ್‌ನಲ್ಲಿ ಮೊದಲ ಪ್ರಶ್ನೆ: "ಮೇಡಂ ಹೆಸರು ಹೇಳಿ ಸರ್, ಫೈಲ್ ಓಪನ್ ಮಾಡ್ಬೇಕು." ಫೈಲ್ ಅವಳ ಹೆಸರಲ್ಲಿ. ನನ್ನ ಹೆಸರು ಒಳಗಡೆ 'ಸಂಗಾತಿಯ ವಿವರ' ಅನ್ನೋ ಕಾಲಂನಲ್ಲಿ, ಫೋನ್ ನಂಬರ್ ಜೊತೆ. ಬಿಲ್ ಕಳಿಸೋಕೆ ಅಂತ ಕಾಣುತ್ತೆ. ಡಾಕ್ಟರು ಅವಳನ್ನ ಇಪ್ಪತ್ತು ನಿಮಿಷ ವಿಚಾರಿಸಿದ್ರು: ಮುಟ್ಟು, ಥೈರಾಯ್ಡ್, ತೂಕ, ಅಮ್ಮನಿಗೆ ಶುಗರ್ ಇದ್ಯಾ, ಅಕ್ಕನಿಗೆ ಮಕ್ಕಳಿದ್ದಾರಾ. ನನ್ನನ್ನ ಕೇಳಿದ್ದು ಒಂದೇ: "ನಿಮ್ದೇನೂ ಪ್ರಾಬ್ಲಂ ಇಲ್ಲ ತಾನೇ?"

ಅದು ಪ್ರಶ್ನೆಯಲ್ಲ, ಮರ್ಯಾದೆ. "ಊಟ ಆಯ್ತಾ" ಅಂದಂಗೆ. ಇಲ್ಲ ಅಂದುಬಿಟ್ರೆ ಮುಗೀತು. ನಾನೇ ಕೇಳಿದೆ, "ಮೊದಲು ನನ್ನ ಟೆಸ್ಟ್ ಮಾಡಿಸ್ಬಹುದಲ್ವಾ?" ಅಂತ. "ಅದಕ್ಕೇನವಸರ, ಮೇಡಂ ರಿಪೋರ್ಟ್‌ಗಳು ಬರ್ಲಿ" ಅಂದ್ರು. ಮೇಡಂಗೆ ಬರೆದಿದ್ದ ಪಟ್ಟಿಯಲ್ಲಿ ರಕ್ತ ಪರೀಕ್ಷೆಗಳಿದ್ದವು, ಸ್ಕ್ಯಾನ್ ಇತ್ತು, ಎಚ್‌ಎಸ್‌ಜಿ ಇತ್ತು. ಎಚ್‌ಎಸ್‌ಜಿ ಅಂದ್ರೆ ಗರ್ಭಕೋಶದೊಳಗೆ ಬಣ್ಣದ ದ್ರವ ಬಿಟ್ಟು, ನಾಳಗಳು ತೆರೆದಿವೆಯಾ ಅಂತ ಎಕ್ಸ್‌ರೇಯಲ್ಲಿ ನೋಡೋದು. ಮಾಡಿಸ್ಕೊಂಡ ಹೆಂಗಸರನ್ನ ಕೇಳಿ, ನೋವು ಹೇಗಿರುತ್ತೆ ಅಂತ ಹೇಳ್ತಾರೆ. ನನ್ನ ಟೆಸ್ಟ್‌ಗೆ ಬೇಕಾಗಿದ್ದು? ಒಂದು ಪ್ಲಾಸ್ಟಿಕ್ ಡಬ್ಬಿ. ಒಂದು ಕೋಣೆ. ಹತ್ತು ನಿಮಿಷ. ಹೆಚ್ಚಿನ ಲ್ಯಾಬ್‌ಗಳಲ್ಲಿ ನಿಮ್ಮ ಟೀಂ ಲಂಚ್‌ನಲ್ಲಿ ನಿಮ್ಮ ಪಾಲಿಗೆ ಬರೋ ಬಿಲ್‌ಗಿಂತ ಜಾಸ್ತಿ ಆಗಲ್ಲ. ಸೂಜಿಯಿಲ್ಲ, ನೋವಿಲ್ಲ, ಅರಿವಳಿಕೆ ಇಲ್ಲ.

ಎಂಜಿನಿಯರ್‌ಗಳಿಗೆ ಅರ್ಥವಾಗೋ ಭಾಷೆಯಲ್ಲೇ ಹೇಳ್ತೀನಿ. ಸಿಸ್ಟಂ ಕೆಲಸ ಮಾಡ್ತಿಲ್ಲ. ಎರಡು ಮಾಡ್ಯೂಲ್ ಇದೆ. ಒಂದನ್ನ ಪರೀಕ್ಷಿಸೋಕೆ ಒಂದು ದಿನ, ಕಡಿಮೆ ಖರ್ಚು, ರಿಸ್ಕ್ ಸೊನ್ನೆ. ಇನ್ನೊಂದಕ್ಕೆ ತಿಂಗಳುಗಟ್ಟಲೆ, ದುಬಾರಿ, ನೋವು ಬೇರೆ. ಮೊದಲು ಯಾವುದನ್ನ ಚೆಕ್ ಮಾಡ್ತೀರಿ? ಆಫೀಸಲ್ಲಿ ಎರಡನೆಯದನ್ನ ಮೊದಲು ಮಾಡೋಣ ಅಂದ್ರೆ ನಿಮ್ಮ ಮ್ಯಾನೇಜರ್ ಮುಖ ಹೇಗೆ ನೋಡ್ತಾನೆ ಅಂತ ನಿಮಗೇ ಗೊತ್ತು. ಮನೆಗೆ ಬಂದ ಕೂಡ್ಲೇ ಅದೇ ಎಂಜಿನಿಯರ್‌ಗೆ ಅಷ್ಟು ಸರಳ ತರ್ಕ ಮರೆತುಹೋಗುತ್ತೆ.

ಹಾಗಂತ ಇದು ಅಪರೂಪದ ಬಗ್ ಅಲ್ಲ. ಲೋಕದಲ್ಲಿ ಸರಿಸುಮಾರು ಆರು ಜನರಲ್ಲಿ ಒಬ್ಬರು ಬದುಕಿನ ಯಾವುದೋ ಹಂತದಲ್ಲಿ ಬಂಜೆತನ ಎದುರಿಸ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಹೀಗೆ ಕಷ್ಟಪಡೋ ಜೋಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಸಿನ ದೇಹದ ಪಾತ್ರ ಇರುತ್ತೆ. ಕೆಲವು ಕಡೆ ಅವನೊಬ್ಬನದೇ, ಕೆಲವು ಕಡೆ ಇಬ್ಬರದೂ ಸೇರಿ. ಅರ್ಧ ಅಂದ್ರೆ ನಾಣ್ಯ ಚಿಮ್ಮಿದ ಹಾಗೆ. ಆದ್ರೆ ನಾಣ್ಯದ ಒಂದು ಮುಖವನ್ನ ಮಾತ್ರ ತಿರುಗಿಸಿ ತಿರುಗಿಸಿ ನೋಡೋದು ನಮ್ಮ ಪದ್ಧತಿ.

ಯಾಕೆ ಹೀಗೆ? ನಾಚಿಕೆ ಅಂತೀರಿ. ನಂಗೆ ಹಾಗನ್ನಿಸಲ್ಲ. ವಾಟ್ಸಾಪ್ ಗ್ರೂಪ್‌ಗಳಲ್ಲಿ ಬೆಳಗಾಗೆದ್ದು ಎಂಥೆಂಥ ವೀಡಿಯೋ ಫಾರ್ವರ್ಡ್ ಮಾಡೋ ಗಂಡಸರಿಗೆ ಎಲ್ಲಿಯ ನಾಚಿಕೆ ಮಾರಾಯ್ರೆ? ಇದು ಭಯ. ಮೂರು ಬೇರೆ ಬೇರೆ ವಿಷಯಗಳನ್ನ ನಾವು ಒಂದೇ ಡಬ್ಬಿಗೆ ಹಾಕಿ, ಮೇಲೆ 'ಗಂಡಸ್ತನ' ಅಂತ ಲೇಬಲ್ ಅಂಟಿಸಿದ್ದೀವಿ. ಒಂದು, ಲೈಂಗಿಕ ಸಾಮರ್ಥ್ಯ. ಎರಡು, ಮಕ್ಕಳಾಗೋ ಸಾಮರ್ಥ್ಯ. ಮೂರು, ಸಮಾಜದಲ್ಲಿ ಗಂಡಸು ಅನ್ನಿಸಿಕೊಳ್ಳೋ ಯೋಗ್ಯತೆ. ಒಂದರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಅಂತ ರಿಪೋರ್ಟ್ ಬಂದ್ರೂ ಮೂರೂ ಹೋಯ್ತು ಅಂತ ಲೆಕ್ಕ. ಅದಕ್ಕೇ ರಿಪೋರ್ಟೇ ಬೇಡ.

ಮೂರನೆಯದನ್ನ ಬಿಡಿ, ಅದು ವೈದ್ಯಕೀಯವಲ್ಲ. ಮೊದಲಿನ ಎರಡನ್ನ ಬಿಡಿಸಿ ನೋಡೋಣ.

ನಿಮಿರುವಿಕೆ ಅನ್ನೋದು ಮುಖ್ಯವಾಗಿ ನರ ಮತ್ತು ರಕ್ತನಾಳಗಳ ಕೆಲಸ. ವೀರ್ಯಾಣು ತಯಾರಾಗೋದು ವೃಷಣದಲ್ಲಿ, ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು. ಎರಡೂ ಬೇರೆ ಬೇರೆ ಇಲಾಖೆ. ಹೊರಬರೋ ವೀರ್ಯದಲ್ಲಿ ಹೆಚ್ಚಿನ ಪಾಲು ಪ್ರಾಸ್ಟೇಟ್ ಮತ್ತು ವೀರ್ಯಕೋಶಗಳ ದ್ರವ. ವೀರ್ಯಾಣುಗಳ ಪಾಲು ಅದರಲ್ಲಿ ತೀರಾ ಸಣ್ಣದು. ಆದ್ದರಿಂದ ವೀರ್ಯ ಗಟ್ಟಿಯಾಗಿದೆ, ತೆಳ್ಳಗಿದೆ, ಜಾಸ್ತಿ ಬರುತ್ತೆ ಅಂತ ಕಣ್ಣಲ್ಲಿ ನೋಡಿ ತೀರ್ಪು ಕೊಡೋದು, ಕಾಫಿ ಬಣ್ಣ ನೋಡಿ ಸಕ್ಕರೆ ಎಷ್ಟಿದೆ ಅಂತ ಹೇಳಿದಂಗೆ. ಮೈಕ್ರೋಸ್ಕೋಪ್ ಇಲ್ಲದೆ ಗೊತ್ತಾಗೋ ಮಾತೇ ಅಲ್ಲ.

ಈ ಒಂದು ಡಬ್ಬಿಯ ಮೇಲೇ ಒಂದು ದೊಡ್ಡ ವ್ಯಾಪಾರ ನಡೀತಿದೆ. ಬಸ್ ಸ್ಟ್ಯಾಂಡ್ ಟಾಯ್ಲೆಟ್ ಗೋಡೆಯ ಮೇಲಿನ 'ಗುಪ್ತ ರೋಗ' ಪೋಸ್ಟರ್‌ಗಳಿಂದ ಹಿಡಿದು ಇನ್‌ಸ್ಟಾಗ್ರಾಮ್‌ನ ಕಪ್ಪು ಬಣ್ಣದ ಸ್ಟೈಲಿಶ್ ಬಾಟಲಿಗಳವರೆಗೆ ಮಾಲು ಒಂದೇ, ಪ್ಯಾಕಿಂಗ್ ಬೇರೆ. ವೀರ್ಯ ಹೋದ್ರೆ ಶಕ್ತಿ ಹೋಯ್ತು, ಇಷ್ಟು ಹನಿ ರಕ್ತ ಸೇರಿ ಒಂದು ಹನಿ ವೀರ್ಯ ಅನ್ನೋ ಹೆದರಿಕೆ ನಮ್ಮ ದೇಶದಲ್ಲಿ ಎಷ್ಟು ವ್ಯಾಪಕ ಅಂದ್ರೆ, ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ಅದಕ್ಕೆ 'ಧಾತ್ ಸಿಂಡ್ರೋಮ್' ಅಂತ ಹೆಸರಿಟ್ಟರು. ಸ್ವಪ್ನಸ್ಖಲನ ಸಹಜ ಅಂತ ಹೈಸ್ಕೂಲಲ್ಲಿ ಐದು ನಿಮಿಷ ಹೇಳಿದ್ರೆ ಮುಗಿಯೋ ವಿಷಯ. ಹೇಳೋರಿಲ್ಲದೆ ಹುಡುಗರು ಟೆಂಟ್ ವೈದ್ಯರಿಗೆ ದುಡ್ಡು ಕಟ್ತಾರೆ. ಲೈಂಗಿಕ ಸುಖದ ಸಾಮರ್ಥ್ಯ ಹೆಚ್ಚಿಸ್ತೀವಿ ಅಂತ ಔಷಧಿ ಜಾಹೀರಾತು ಕೊಡೋದನ್ನ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಕಾನೂನಿಗೆ ಎಪ್ಪತ್ತು ವರ್ಷ ದಾಟಿತು. ಪೋಸ್ಟರ್‌ಗಳಿಗೆ ಇನ್ನೂ ಯೌವನ.

ಇನ್ನೊಂದು ಮಾರುಕಟ್ಟೆ ಜಿಮ್‌ನಲ್ಲಿದೆ. ಇದು ನಮ್ಮ ವಯಸ್ಸಿನವರಿಗೆ ಹೆಚ್ಚು ಅಪಾಯ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ಟೆಸ್ಟೋಸ್ಟಿರಾನ್ ಗಂಡಸ್ತನದ ಹಾರ್ಮೋನು, ಆದ್ದರಿಂದ ಇಂಜೆಕ್ಷನ್ ತಗೊಂಡ್ರೆ ಗಂಡಸ್ತನ ಜಾಸ್ತಿಯಾಗುತ್ತೆ ಅನ್ನೋದು ಜಿಮ್ ತರ್ಕ. ದೇಹದ ತರ್ಕ ಬೇರೆ. ಹೊರಗಿಂದ ಟೆಸ್ಟೋಸ್ಟಿರಾನ್ ಬಂದ ಕೂಡಲೇ ಮೆದುಳು "ಓ, ಸ್ಟಾಕ್ ಸಾಕಷ್ಟಿದೆ" ಅಂದುಕೊಂಡು ವೃಷಣಗಳಿಗೆ ಕಳಿಸ್ತಿದ್ದ ಆರ್ಡರನ್ನ ನಿಲ್ಲಿಸುತ್ತೆ. ಆರ್ಡರ್ ನಿಂತರೆ ಫ್ಯಾಕ್ಟರಿಯೂ ನಿಲ್ಲುತ್ತೆ. ವೀರ್ಯಾಣುಗಳು ಕಡಿಮೆಯಾಗ್ತವೆ, ಎಷ್ಟೋ ಜನರಲ್ಲಿ ಪೂರ್ತಿ ಸೊನ್ನೆ. ವೃಷಣಗಳೇ ಕುಗ್ಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಈ ಟೆಸ್ಟೋಸ್ಟಿರಾನ್ ಇಂಜೆಕ್ಷನ್ನನ್ನ ಪ್ರಯೋಗ ಮಾಡಿ ನೋಡಿದ್ದು ಯಾತಕ್ಕೆ ಗೊತ್ತಾ? ಗಂಡಸರ ಗರ್ಭನಿರೋಧಕವಾಗಿ! ಅದು ಕೆಲಸವನ್ನೂ ಮಾಡಿತು. ನಮ್ಮ ಹುಡುಗರು ಅದನ್ನೇ ಗಂಡಸಾಗೋಕೆ ಅಂತ ಚುಚ್ಚಿಸ್ಕೊಳ್ತಿದ್ದಾರೆ. ನಿಲ್ಲಿಸಿದ ಮೇಲೆ ಬಹಳ ಜನರಲ್ಲಿ ಉತ್ಪಾದನೆ ಮತ್ತೆ ಶುರುವಾಗುತ್ತೆ, ಆದ್ರೆ ಅದಕ್ಕೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷದ ಮೇಲೆ. ಟ್ರೈನರ್ ಇದನ್ನ ಹೇಳಲ್ಲ. ಅವನಿಗೆ ಬೇಕಿರೋದು ನಿಮ್ಮ ಬೈಸೆಪ್ಸ್ ಫೋಟೋ.

ಈಗ ನನ್ನ ಮುಖ್ಯ ತಕರಾರು. ಗಂಡಸು ಪರೀಕ್ಷೆ ತಪ್ಪಿಸಿಕೊಂಡ್ರೆ ನಷ್ಟ ಅವನಿಗೊಬ್ಬನಿಗೇ ಆಗಿದ್ರೆ ನಾನು ಇಷ್ಟು ಕೂಗಾಡ್ತಿರಲಿಲ್ಲ. ಆ ಬಿಲ್ ಹೋಗೋದು ಇನ್ನೊಂದು ದೇಹಕ್ಕೆ.

ನನ್ನ ಗೆಳೆಯನೊಬ್ಬನ ಮನೆಯಲ್ಲಿ ಎರಡು ವರ್ಷ ನಡೆದದ್ದನ್ನ ಹತ್ತಿರದಿಂದ ನೋಡಿದ್ದೀನಿ. ಹೆಂಡತಿಗೆ ಮಾತ್ರೆ, ಇಂಜೆಕ್ಷನ್, ಎಚ್‌ಎಸ್‌ಜಿ, ಕೊನೆಗೆ ಹೊಟ್ಟೆಗೆ ರಂಧ್ರ ಮಾಡಿ ಲ್ಯಾಪರೋಸ್ಕೋಪಿ. ಜೊತೆಗೆ ಅತ್ತೆ ಕಡೆಯಿಂದ ನಾಗಪ್ರತಿಷ್ಠೆ, ಸಂಬಂಧಿಕರ ಮದುವೆಗಳಲ್ಲಿ "ಏನಮ್ಮಾ, ವಿಶೇಷ?" ಅನ್ನೋ ಪ್ರಶ್ನೆ. ಅವಳ ಎಲ್ಲಾ ರಿಪೋರ್ಟೂ ನಾರ್ಮಲ್. ಎರಡನೇ ವರ್ಷದ ಕೊನೆಗೆ, ಇನ್ಯಾರೋ ಡಾಕ್ಟರು ಗಟ್ಟಿಯಾಗಿ ಹೇಳಿದ ಮೇಲೆ, ಅವನು ಡಬ್ಬಿ ಹಿಡ್ಕೊಂಡು ಹೋದ. ವೀರ್ಯಾಣು ಸೊನ್ನೆ. ಮೊದಲ ವಾರದಲ್ಲೇ ಗೊತ್ತಾಗಬಹುದಿತ್ತು. ಮನೆಯವರಿಗೆ ಏನು ಹೇಳಿದ್ರು ಗೊತ್ತಾ? "ಇಬ್ಬರಿಗೂ ಸ್ವಲ್ಪ ಸ್ವಲ್ಪ ಪ್ರಾಬ್ಲಂ ಇದೆ" ಅಂತ. ಏನೂ ಇಲ್ಲದವಳು ಅರ್ಧ ಪ್ರಾಬ್ಲಂ ಹೊತ್ಕೊಂಡಳು, ಅವನ ಮುಖ ಉಳಿಸೋಕೆ.

ಗೊತ್ತಾದ ಮೇಲೂ ಇದು ಮುಗಿಯಲ್ಲ. 1992ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನ ವೈದ್ಯರು ಒಂದೇ ಒಂದು ವೀರ್ಯಾಣುವನ್ನ ಹಿಡಿದು ಅಂಡಾಣುವಿನೊಳಗೆ ಚುಚ್ಚಿ ಮಕ್ಕಳಾಗಿಸೋ 'ಇಕ್ಸಿ' ವಿಧಾನವನ್ನ ಜಗತ್ತಿಗೆ ವರದಿ ಮಾಡಿದ್ರು. ಅದ್ಭುತ ವಿಜ್ಞಾನ, ಅನುಮಾನವೇ ಇಲ್ಲ. ಎಷ್ಟೋ ಮನೆಗಳಲ್ಲಿ ಅದರಿಂದ ತೊಟ್ಟಿಲು ತೂಗಿದೆ. ಆದ್ರೆ ಅದರ ಲೆಕ್ಕವನ್ನೂ ನೋಡಿ: ತೊಂದರೆ ಗಂಡಸಿಂದು, ಹತ್ತು ಹನ್ನೆರಡು ದಿನ ಹೊಟ್ಟೆಗೆ ಹಾರ್ಮೋನ್ ಇಂಜೆಕ್ಷನ್ ತಗೊಳ್ಳೋಳು ಹೆಂಗಸು. ಅರಿವಳಿಕೆ ತಗೊಂಡು ಅಂಡಾಣು ತೆಗೆಸಿಕೊಳ್ಳೋಳೂ ಅವಳೇ. ಅನಿವಾರ್ಯ ಇದ್ದಾಗ ಮಾಡೋದು ಸರಿ. ಗಂಡಸಿನ ಮೈಮುಟ್ಟಿ ಪರೀಕ್ಷೆ ಕೂಡ ಮಾಡದೆ ನೇರ ಅಲ್ಲಿಗೆ ಜಿಗಿಯೋದು ಸರಿಯಲ್ಲ. ಉದಾಹರಣೆಗೆ ವೆರಿಕೋಸೀಲ್. ವೃಷಣದ ಮೇಲಿನ ರಕ್ತನಾಳಗಳು ಊದಿಕೊಳ್ಳೋದು. ನೂರರಲ್ಲಿ ಹದಿನೈದು ಗಂಡಸರಿಗೆ ಇರುತ್ತೆ, ಹೆಚ್ಚಿನವರಿಗೆ ಏನೂ ತೊಂದರೆಯಾಗಲ್ಲ. ಆದ್ರೆ ಮಕ್ಕಳಾಗದೆ ಪರೀಕ್ಷೆಗೆ ಬರೋ ಗಂಡಸರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೂ ಹೆಚ್ಚು ಜನರಲ್ಲಿ ಕಾಣಿಸುತ್ತೆ. ತಿಳಿದ ವೈದ್ಯರು ಕೈಯಿಂದ ಮುಟ್ಟಿ ಪತ್ತೆ ಮಾಡ್ತಾರೆ. ಸೂಕ್ತ ಅನ್ನಿಸಿದವರಿಗೆ ಸಣ್ಣ ಶಸ್ತ್ರಚಿಕಿತ್ಸೆಯೂ ಇದೆ. ಯಾರೂ ಪ್ಯಾಂಟ್ ಬಿಚ್ಚಿ ಅಂತಲೇ ಹೇಳದಿದ್ರೆ ಪತ್ತೆ ಆಗೋದು ಹೇಗೆ?

ಮಕ್ಕಳು ಬೇಕಾದಾಗಿನ ಕತೆ ಇದು. ಮಕ್ಕಳು ಸಾಕು ಅನ್ನೋವಾಗಲೂ ಅದೇ ಹಾಡು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಮದುವೆಯಾದ ಜೋಡಿಗಳಲ್ಲಿ ಹೆಣ್ಣಿನ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನ ನೆಚ್ಚಿಕೊಂಡವರು ಶೇ. 37.9. ಗಂಡಸಿನದು ಶೇ. 0.3. ಅವಳದಕ್ಕೆ ಹೊಟ್ಟೆಯೊಳಗೆ ಹೋಗಬೇಕು. ಇವನದು ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟಿಸಿ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಮುಗಿಯೋ ಕೆಲಸ. ಬ್ಲೇಡ್ ಹಾಕದ ವಿಧಾನವನ್ನ ಚೀನಾದ ವೈದ್ಯರು 1974ರಲ್ಲೇ ಕಂಡುಹಿಡಿದಿದ್ದಾರೆ. ಹಾರ್ಮೋನು ಹಾಗೇ ಇರುತ್ತೆ, ಆಸೆ ಹಾಗೇ ಇರುತ್ತೆ, ನಿಮಿರುವಿಕೆ ಹಾಗೇ ಇರುತ್ತೆ. ಸುಮಾರು ಮೂರು ತಿಂಗಳ ನಂತರ ಇನ್ನೊಂದು ಟೆಸ್ಟ್ ಮಾಡಿಸಿ ಸೊನ್ನೆ ಅಂತ ಖಾತ್ರಿಯಾಗೋವರೆಗೆ ಬೇರೆ ಎಚ್ಚರಿಕೆ ಬೇಕು, ಅಷ್ಟೇ.

ಇದಕ್ಕೆ ಚರಿತ್ರೆಯ ಕಾರಣವೂ ಇದೆ, ಒಪ್ಕೋತೀನಿ. ತುರ್ತು ಪರಿಸ್ಥಿತಿಯ 1976ರಲ್ಲಿ ಒಂದೇ ವರ್ಷಕ್ಕೆ ಸುಮಾರು 62 ಲಕ್ಷ ಗಂಡಸರಿಗೆ ವ್ಯಾಸೆಕ್ಟಮಿ ಆಯಿತು, ಎಷ್ಟೋ ಕಡೆ ಬಲವಂತವಾಗಿ. ಆ ಗಾಯ ನಿಜ. ಆದ್ರೆ ಅದಾಗಿ ಅರ್ಧ ಶತಮಾನ ಕಳೀತು. ಆಗ ಹುಟ್ಟದೇ ಇದ್ದವರು, ಈಗ ಕೋರಮಂಗಲದಲ್ಲಿ ಸ್ಟಾರ್ಟಪ್ ನಡೆಸೋರು, "ನಮಗೆ ಭಯ" ಅಂತ ಇಂದಿರಾ ಗಾಂಧಿ ಕಡೆ ಬೆರಳು ತೋರಿಸೋದು ಸ್ವಲ್ಪ ಜಾಸ್ತಿ ಆಯ್ತು. 1930ರಲ್ಲೇ ತನ್ನ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣ ಕ್ಲಿನಿಕ್ ತೆರೆಯೋಕೆ ಮೈಸೂರು ಸರ್ಕಾರ ಆದೇಶ ಮಾಡಿದ ನಾಡು ಇದು. ತೊಂಬತ್ತು ವರ್ಷ ದಾಟಿದ ಮೇಲೂ ಆ ಕ್ಲಿನಿಕ್ ಬಾಗಿಲಲ್ಲಿ ಗಂಡಸು ಕಾಲಿಟ್ಟಿಲ್ಲ.

"ಇದೇನು, ಬರೀ ಗಂಡಸರಿಗೆ ಬೈಯ್ತೀಯಲ್ಲ, ನಮ್ಮ ಕಷ್ಟ ಕೇಳೋರ್ಯಾರು?" ಅಂತೀರಿ. ಸರಿ, ನಿಮ್ಮ ಸ್ವಾರ್ಥದ ಮಾತೇ ಆಡೋಣ. ನಿಮಿರುವಿಕೆಯ ತೊಂದರೆಯನ್ನ ನೀವು ಮಾನದ ಪ್ರಶ್ನೆ ಮಾಡ್ಕೊಂಡಿದ್ದೀರಿ. ಹೃದಯ ತಜ್ಞರು ಅದನ್ನ ಎಚ್ಚರಿಕೆಯ ಗಂಟೆ ಅಂತಾರೆ. ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಪೂರ. ಪೈಪ್‌ಗಳಲ್ಲಿ ಕೊಬ್ಬು ಕಟ್ಟೋಕೆ ಶುರುವಾದ್ರೆ ಸಣ್ಣ ಪೈಪ್ ಮೊದಲು ತಕರಾರು ಮಾಡುತ್ತೆ, ದೊಡ್ಡದು ಕೆಲವು ವರ್ಷ ಬಿಟ್ಟು. ಶುಗರ್, ಬಿಪಿ, ಸಿಗರೇಟು ಎಲ್ಲವೂ ಅಲ್ಲೇ ಮೊದಲು ಸಹಿ ಹಾಕೋದು. 1998ರಲ್ಲಿ ವಯಾಗ್ರ ಬಂದಾಗಿಂದ ನಾವೇನು ಮಾಡ್ತಿದ್ದೀವಿ? ಮೆಡಿಕಲ್ ಸ್ಟೋರಲ್ಲಿ ಪಿಸುಗುಟ್ಟಿ ಮಾತ್ರೆ ತಗೊಂಡು ಗಂಟೆಯ ಬಾಯಿಗೆ ಬಟ್ಟೆ ತುರುಕ್ತಿದ್ದೀವಿ. ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳೋರು ಇದನ್ನ ನುಂಗಿದ್ರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಪಿಸುಮಾತಿನ ವ್ಯಾಪಾರದಲ್ಲಿ ಅದನ್ನ ಕೇಳೋರೂ ಇಲ್ಲ, ಹೇಳೋರೂ ಇಲ್ಲ.

ವೃಷಣದ ಕ್ಯಾನ್ಸರ್ ಮುದುಕರ ಕಾಯಿಲೆಯಲ್ಲ. ಇಪ್ಪತ್ತು, ಮೂವತ್ತರ ಹರೆಯದವರಲ್ಲೇ ಹೆಚ್ಚು. ಒಟ್ಟಾರೆ ಅಪರೂಪ, ಬೇಗ ಗೊತ್ತಾದ್ರೆ ಬಹುತೇಕ ವಾಸಿಯಾಗುತ್ತೆ. ನೋವಿಲ್ಲದ ಗಂಟು ಕೈಗೆ ಸಿಕ್ಕಿದ್ರೆ ಗೂಗಲ್‌ನ ಬಿಟ್ಟು ಡಾಕ್ಟರ ಹತ್ರ ಓಡಿ. ಇದ್ದಕ್ಕಿದ್ದಂತೆ ಒಂದು ವೃಷಣ ವಿಪರೀತ ನೋಯೋಕೆ ಶುರುವಾದ್ರೆ ಅದು ತಿರುಚಿಕೊಂಡಿರಬಹುದು. ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆದ್ರೆ ಉಳಿಯೋ ಸಾಧ್ಯತೆ ಹೆಚ್ಚು, ತಡವಾದಷ್ಟೂ ಕಡಿಮೆ. "ಬೆಳಗ್ಗೆ ನೋಡೋಣ" ಅಂತ ಮಲಗಿ, ನಾಚಿಕೆಗೆ ಒಂದು ವೃಷಣ ದಕ್ಷಿಣೆ ಕೊಡಬೇಡಿ.

ಲ್ಯಾಪ್‌ಟಾಪ್ ತೊಡೆ ಮೇಲೆ ಇಡಬೇಕಾ ಬೇಡವಾ, ಒಳಚಡ್ಡಿ ಸಡಿಲವಾ ಬಿಗಿಯಾ ಅಂತ ಗಂಟೆಗಟ್ಟಲೆ ಚರ್ಚೆ ಮಾಡೋರಿದ್ದಾರೆ. ವೃಷಣಗಳಿಗೆ ದೇಹಕ್ಕಿಂತ ಒಂದೆರಡು ಡಿಗ್ರಿ ತಂಪು ಬೇಕು, ನಿಜ, ಅದಕ್ಕೇ ಪ್ರಕೃತಿ ಅವನ್ನ ಹೊರಗೆ ನೇತುಹಾಕಿರೋದು. ಆದ್ರೆ ಆ ಚರ್ಚೆಯನ್ನ ಟೆಸ್ಟ್ ಮಾಡಿಸದೇ ಇರೋಕೆ ನೆಪ ಮಾಡ್ಕೋಬೇಡಿ. ಸಿಗರೇಟು ಬಿಡೋದು, ತೂಕ ಇಳಿಸೋದು, ಜಿಮ್ ಸೂಜಿ ಮುಟ್ಟದಿರೋದು ಇವು ಚಡ್ಡಿಗಿಂತ ಮುಖ್ಯ.

ಹಾಗಾದ್ರೆ ಮಾಡ್ಬೇಕಾದ್ದೇನು? ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ರೆ, ಹೆಂಡತಿಗೆ 35 ದಾಟಿದ್ರೆ ಆರು ತಿಂಗಳಿಗೇ, ಇಬ್ಬರೂ ಒಟ್ಟಿಗೆ ಹೋಗಿ. ಅವಳ ಎಚ್‌ಎಸ್‌ಜಿಗೆ ಮುಂಚೆ ನಿಮ್ಮ ವೀರ್ಯ ಪರೀಕ್ಷೆ ಆಗಿರಲಿ. ಎರಡರಿಂದ ಏಳು ದಿನದ ಸಂಯಮ, ಮನೆಯಿಂದ ತಗೊಂಡು ಹೋಗೋದಾದ್ರೆ ಒಂದು ಗಂಟೆಯೊಳಗೆ ಲ್ಯಾಬ್ ತಲುಪಿಸಿ. ಸಿಲ್ಕ್ ಬೋರ್ಡ್ ದಾಟಬೇಕಿದ್ರೆ ಲ್ಯಾಬ್‌ನಲ್ಲೇ ಕೊಡೋದು ವಾಸಿ. ರಿಪೋರ್ಟ್ ನೋಡಿ ಎದೆ ಒಡ್ಕೋಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಕೆಳಗಿನ ಮಿತಿ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಚಲನೆ ಶೇ. 42, ಸರಿಯಾದ ಆಕಾರ ಬರೀ ಶೇ. 4. ಹೌದು, ನೂರಕ್ಕೆ ನಾಲ್ಕು ನೆಟ್ಟಗಿದ್ರೆ ಪಾಸ್! ಇದಕ್ಕಿಂತ ಕಡಿಮೆ ಇದ್ದವರಿಗೂ ಮಕ್ಕಳಾಗಿವೆ. ಒಂದು ವೀರ್ಯಾಣು ತಯಾರಾಗಿ ಹೊರಬರೋಕೆ ಎರಡೂವರೆ ಮೂರು ತಿಂಗಳು ಬೇಕು. ಅಂದ್ರೆ ಹಿಂದೆ ಬಂದ ಜೋರು ಜ್ವರ ಇವತ್ತಿನ ರಿಪೋರ್ಟಲ್ಲಿ ಕಾಣಬಹುದು. ಹಾಗಾಗಿ ಕಡಿಮೆ ಬಂದ್ರೆ ಮತ್ತೊಮ್ಮೆ ಮಾಡಿಸಿ, ಆಮೇಲೆ ಯೂರಾಲಜಿಸ್ಟ್ ಅಥವಾ ಆಂಡ್ರಾಲಜಿಸ್ಟ್‌ನ ನೋಡಿ.

ಡಾಕ್ಟರ್‌ಗಳಿಗೂ ಒಂದು ಮಾತು: ಎರಡು ಫೈಲ್ ತೆರೀರಿ. "ಪ್ರಾಬ್ಲಂ ಇಲ್ಲ ತಾನೇ?" ಅಂತ ಕೇಳೋದು ವೈದ್ಯಕೀಯ ಅಲ್ಲ, ಉಪಚಾರ. ಎಚ್‌ಆರ್‌ನವರಿಗೆ ಇನ್ನೊಂದು: ಫರ್ಟಿಲಿಟಿ ಬೆನಿಫಿಟ್ ಅಂತ ಹೆಂಗಸರಿಗೆ ಮಾತ್ರ ಮೇಲ್ ಕಳಿಸೋದು ನಿಲ್ಲಿಸಿ.

ಇನ್ನು ಗಂಡಸರಿಗೆ. ಈ ಲೇಖನ ಓದಿ ಸಿಟ್ಟು ಬಂದಿದ್ರೆ ಬೈಯಿರಿ, ನಂಗೇನೂ ಬೇಜಾರಿಲ್ಲ. ಡಬ್ಬಿ ಕೊಟ್ಟು ಬಂದು, ರಿಪೋರ್ಟ್ ಕೈಯಲ್ಲಿ ಹಿಡ್ಕೊಂಡು ಬೈಯಿರಿ.